ಕೆಸರೆಯಿಂದ ದೇವನಹಳ್ಳಿಗೆ: ಮೊದಲ ಸಲ ವಿಮಾನ ಏರುವವರಿಗೆ

ಹಿಂದೆ ವಿಮಾನವೆಂದರೆ, ಸದ್ದು ಕೇಳಿದೊಡನೆ ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಅಂಗಳಕ್ಕೆ ಬಂದು ತಲೆಯೆತ್ತಿ ನೋಡುವ ಒಂದು ಬೆರಗಾಗಿತ್ತು. ಇಂದು ಮೈಸೂರಿನ ಯಾವ ಬಡಾವಣೆಯನ್ನು ಹೊಕ್ಕರೂ ಮಗ ದುಬೈಯಲ್ಲಿದ್ದಾನೆ, ಮಗಳು ಅಮೆರಿಕದಲ್ಲಿದ್ದಾಳೆ ಎನ್ನುವ ಮನೆಯೊಂದು ಸಿಕ್ಕೇ ಸಿಗುತ್ತದೆ. ನಗರದ ಈಶಾನ್ಯ ಮಗ್ಗುಲಿನಲ್ಲಿರುವ ಕೆಸರೆಯೂ ಇದಕ್ಕೆ ಹೊರತಲ್ಲ. ಮಗಳ ಬಾಣಂತನಕ್ಕೆಂದು ಒಬ್ಬಳೇ ಹೊರಟ ತಾಯಿ, ದುಡಿಮೆಯನ್ನರಸಿ ಮೊದಲ ಸಲ ಸಮುದ್ರ ದಾಟುವ ಯುವಕ, ಹಜ್ ಯಾತ್ರೆಗೋ ಉಮ್ರಾ ಯಾತ್ರೆಗೋ ಹೊರಟ ಹಿರಿಯರು, ಇವರೆಲ್ಲರೂ ಸಾಮಾನ್ಯವಾಗಿ ಹಿಡಿಯುವ ದಾರಿ ಒಂದೇ: ಬೆಂಗಳೂರಿನಾಚೆ ದೇವನಹಳ್ಳಿಯ ಬಳಿಯಿರುವ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನನಿಲ್ದಾಣ.

ಇವರಲ್ಲಿ ಅನೇಕರಿಗೆ ಆಕಾಶದ ಭಯಕ್ಕಿಂತ ನಿಲ್ದಾಣದ ಭಯವೇ ಹೆಚ್ಚು. ಅದು ಸಕಾರಣವಾದ ಭಯವೇ. ರೈಲು ತಪ್ಪಿದರೆ ಮುಂದಿನ ರೈಲಿದೆ, ಬಸ್ಸು ತಪ್ಪಿದರೆ ಅರ್ಧ ಗಂಟೆಯಲ್ಲಿ ಇನ್ನೊಂದು ಬಸ್ಸು ಬರುತ್ತದೆ. ವಿಮಾನ ತಪ್ಪಿದರೆ ಟಿಕೀಟಿನ ಹಣ ಬಹುಮಟ್ಟಿಗೆ ಹೋದಂತೆಯೇ. ಸಾಲ ಮಾಡಿ ಟಿಕೀಟು ಕೊಂಡ ಮನೆಗೆ ಇದು ಸಣ್ಣ ಪೆಟ್ಟಲ್ಲ. ಆದರೆ ವಿಮಾನ ತಪ್ಪಿಸಿಕೊಂಡವರನ್ನು ವಿಚಾರಿಸಿ ನೋಡಿ. ತಪ್ಪಿದ್ದು ವಿಮಾನದ ಬಾಗಿಲಿನಲ್ಲಲ್ಲ, ಅದಕ್ಕೆ ಎಷ್ಟೋ ಮೊದಲು: ಮನೆಯ ಗಡಿಯಾರದಲ್ಲಿ, ಕಾಗದದ ಮೇಲಿನ ಹೆಸರಿನಲ್ಲಿ, ಪೆಟ್ಟಿಗೆಯೊಳಗಿನ ಒಂದು ಪೊಟ್ಟಣದಲ್ಲಿ. ನಿಲ್ದಾಣವು ಎಷ್ಟೇ ದೊಡ್ಡದಾಗಿರಲಿ, ಪ್ರಯಾಣಿಕನ ಪಾಲಿಗೆ ಅದು ಸಾಲಾಗಿ ನಿಂತ ಐದು ಬಾಗಿಲು. ಒಂದೊಂದು ಬಾಗಿಲಿನಲ್ಲಿಯೂ ಕೇಳುವುದು ಒಂದೊಂದೇ ಪ್ರಶ್ನೆ. ಆ ಪ್ರಶ್ನೆ ಯಾವುದೆಂದು ತಿಳಿದು, ಉತ್ತರವನ್ನು ಕೆಸರೆಯಲ್ಲಿಯೇ ಸಿದ್ಧಮಾಡಿಕೊಂಡು ಹೊರಟರೆ ಅಂಜಬೇಕಾದುದೇನೂ ಇಲ್ಲ.

ಮೊದಲು ನಿಲ್ದಾಣದ ಪರಿಚಯ ಮಾಡಿಕೊಳ್ಳೋಣ. ನಮ್ಮ ಮೈಸೂರಿಗೂ ನಂಜನಗೂಡು ರಸ್ತೆಯ ಮಂಡಕಳ್ಳಿಯಲ್ಲಿ ಒಂದು ವಿಮಾನನಿಲ್ದಾಣವುಂಟಷ್ಟೆ. ಅಲ್ಲಿ ೨೦೧೦ರಲ್ಲಿ ಹೊಸ ಕಟ್ಟಡವಾಯಿತು. ಆದರೆ ಅಲ್ಲಿಯ ಓಡುದಾರಿಯ ಉದ್ದ ೧,೭೪೦ ಮೀಟರು. ರೆಕ್ಕೆಗೆ ಪಂಖ ಕಟ್ಟಿದಂತೆ ಕಾಣುವ ಸಣ್ಣ ವಿಮಾನಗಳಿಗೆ ಅಷ್ಟು ಸಾಕು, ಸಮುದ್ರ ದಾಟುವ ದೊಡ್ಡ ವಿಮಾನಗಳಿಗೆ ಸಾಲದು. ದೇವನಹಳ್ಳಿಯ ಓಡುದಾರಿಗಳು ಒಂದೊಂದೂ ೪,೦೦೦ ಮೀಟರು, ಎಂದರೆ ನಾಲ್ಕು ಕಿಲೋಮೀಟರು ಉದ್ದ. ಹೊರದೇಶಕ್ಕೆ ಹೊರಟ ಮೈಸೂರಿಗರು ಬೆಂಗಳೂರನ್ನು ದಾಟಿ ಹೋಗಬೇಕಾಗಿರುವುದು ಇದಕ್ಕಾಗಿಯೇ.

ಬೆಂಗಳೂರಿನ ವಿಮಾನಗಳು ೨೦೦೮ರ ಮೇ ತಿಂಗಳವರೆಗೆ ನಗರದೊಳಗೇ ಇದ್ದ ಎಚ್‌ಎಎಲ್ ನಿಲ್ದಾಣದಿಂದ ಹಾರುತ್ತಿದ್ದವು. ಅದೇ ಮೇ ೨೪ರಂದು ದೇವನಹಳ್ಳಿಯ ಬಳಿ ಸುಮಾರು ೪,೦೦೦ ಎಕರೆ ವಿಸ್ತಾರದ ಹೊಸ ನಿಲ್ದಾಣ ತೆರೆಯಿತು. ೨೦೧೩ರಲ್ಲಿ ಅದಕ್ಕೆ ಬೆಂಗಳೂರನ್ನು ಕಟ್ಟಿದ ನಾಡಪ್ರಭು ಕೆಂಪೇಗೌಡರ ಹೆಸರಾಯಿತು. ಈ ಹೆಸರು ಆ ನೆಲಕ್ಕೆ ಪರಕೀಯವೇನಲ್ಲ. ಅವರ ವಂಶದ ಮೂಲಪುರುಷರು ನೆಲೆನಿಂತ ಆವತಿ ಗ್ರಾಮವು ದೇವನಹಳ್ಳಿಯ ನೆರೆಯಲ್ಲಿಯೇ ಇದೆ. ಟಿಪ್ಪು ಸುಲ್ತಾನರು ಹುಟ್ಟಿದ್ದೂ ದೇವನಹಳ್ಳಿಯಲ್ಲಿ. ಎರಡನೆಯ ಓಡುದಾರಿ ೨೦೧೯ರ ಡಿಸೆಂಬರಿನಲ್ಲಿ ಬಳಕೆಗೆ ಬಂದಿತು. ೨೦೨೨ರ ನವೆಂಬರ್ ೧೧ರಂದು ಎರಡನೆಯ ಕಟ್ಟಡವೂ ಕೆಂಪೇಗೌಡರ ೧೦೮ ಅಡಿ ಎತ್ತರದ ಕಂಚಿನ ಪ್ರತಿಮೆಯೂ ಉದ್ಘಾಟನೆಯಾದವು. ಮೈಸೂರಿನಿಂದ ಚೆನ್ನೈಗೆ ಹೋಗುವ ವಂದೇ ಭಾರತ್ ರೈಲಿಗೆ ಹಸಿರು ನಿಶಾನೆ ತೋರಿಸಿದ್ದೂ ಅದೇ ದಿನ. ೨೦೨೩-೨೪ರ ಒಂದು ವರ್ಷದಲ್ಲಿ ಈ ನಿಲ್ದಾಣವನ್ನು ಬಳಸಿದವರು ಸುಮಾರು ೩ ಕೋಟಿ ೭೫ ಲಕ್ಷ ಮಂದಿ. ದಿನಕ್ಕೆ ಸರಾಸರಿ ೧ ಲಕ್ಷದ ಮೇಲಾಯಿತು. ವಿಜಯದಶಮಿಯ ದಿನ ನಿಮ್ಮ ಮಗ್ಗುಲಿನ ಬನ್ನಿಮಂಟಪದಲ್ಲಿ ನೆರೆಯುವ ಜನಸಂದಣಿಯನ್ನು ನೀವು ಬಲ್ಲಿರಿ. ಅಂತಹ ಸಂದಣಿ ಹಗಲು ರಾತ್ರಿಯೆನ್ನದೆ ಹರಿಯುವ ಸ್ಥಳವಿದು.

ಇಲ್ಲಿರುವ ಎರಡು ಕಟ್ಟಡಗಳನ್ನು ಒಂದನೆಯ ಟರ್ಮಿನಲ್ಲು, ಎರಡನೆಯ ಟರ್ಮಿನಲ್ಲು ಎನ್ನುತ್ತಾರೆ. ೨೦೨೩ರ ಸೆಪ್ಟೆಂಬರ್ ೧೨ರಿಂದ ಹೊರದೇಶದ ವಿಮಾನಗಳು ಎರಡನೆಯ ಟರ್ಮಿನಲ್ಲಿಗೆ ಬಂದಿವೆ. ಒಳನಾಡಿನ ವಿಮಾನಗಳು ಎರಡಕ್ಕೂ ಹಂಚಿಹೋಗಿವೆ, ಈ ಹಂಚಿಕೆ ಆಗಾಗ ಬದಲಾಗುವುದೂ ಉಂಟು. ಆದುದರಿಂದ ಟಿಕೀಟಿನ ಮೇಲೆ ಯಾವ ಟರ್ಮಿನಲ್ಲೆಂದು ಬರೆದಿದೆಯೋ ಅದನ್ನು ಹೊರಡುವ ಹಿಂದಿನ ದಿನ ಮತ್ತೊಮ್ಮೆ ನೋಡಿಕೊಳ್ಳಿ. ತಪ್ಪಿ ಇನ್ನೊಂದರ ಮುಂದೆ ಇಳಿದರೂ ಗಾಬರಿ ಬೇಡ. ಕಟ್ಟಡಗಳು ಹತ್ತಿರ ಹತ್ತಿರವೇ ಇವೆ, ನಡುವೆ ಉಚಿತ ಬಸ್ಸೂ ಓಡಾಡುತ್ತದೆ. ನಷ್ಟವಾಗುವುದು ಸಮಯ ಮಾತ್ರ.

ಇನ್ನು ಮನೆಯಲ್ಲಿ ಮಾಡಿಕೊಳ್ಳಬೇಕಾದ ಸಿದ್ಧತೆ. ಅದರಲ್ಲಿ ಮೊದಲನೆಯದು ಹೆಸರು. ಪಾಸ್‌ಪೋರ್ಟು, ವೀಸಾ, ಟಿಕೀಟು ಈ ಮೂರರಲ್ಲಿಯೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಆಗಿರಬೇಕು. ನಮ್ಮ ಸೀಮೆಯಲ್ಲಿ ಹೆಸರಿನ ಹಿಂದೆ ಊರಿನ ಒಂದಕ್ಷರ, ತಂದೆಯ ಹೆಸರಿನ ಒಂದಕ್ಷರ ಸೇರಿಸುವುದು ವಾಡಿಕೆ. ಮನೆತನದ ಹೆಸರಿಲ್ಲದವರೇ ಹೆಚ್ಚು. ಹಳೆಯ ತಲೆಯವರಿಗಂತೂ ಲಕ್ಷ್ಮಮ್ಮ, ಸಿದ್ದಯ್ಯ ಎಂದು ಒಂದೇ ಹೆಸರು. ಪರದೇಶದ ಪದ್ಧತಿಗೆ ಇದು ಒಗ್ಗುವುದಿಲ್ಲ. ಸಂಯುಕ್ತ ಅರಬ್ ಸಂಸ್ಥಾನಗಳು ೨೦೨೨ರ ನವೆಂಬರಿನಲ್ಲಿ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಭೇಟಿಯ ವೀಸಾದ ಮೇಲೆ ಪ್ರವೇಶವಿಲ್ಲವೆಂದು ನಿಯಮ ಮಾಡಿದವು. ಆಮೇಲೆ, ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಆಗಬಹುದೆಂದು ಸಡಿಲಿಸಲಾಯಿತು. ನಿಮ್ಮದು ಒಂದೇ ಹೆಸರಾಗಿದ್ದರೆ ಟಿಕೀಟು ಕೊಳ್ಳುವ ಮೊದಲೇ ವಿಮಾನ ಕಂಪನಿಯವರನ್ನು ಕೇಳಿ ತಿಳಿಯಿರಿ. ಹೆಸರನ್ನು ತಿದ್ದಿಸುವುದಾದರೆ ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ಅಂಚೆ ಇಲಾಖೆಯ ಮೂಲಕ ಪಾಸ್‌ಪೋರ್ಟ್ ಸೇವೆ ೨೦೧೭ರ ಜನವರಿಯಲ್ಲಿ ಮೊಟ್ಟಮೊದಲು ಆರಂಭವಾದುದು ದೇಶದ ಎರಡೇ ಊರುಗಳಲ್ಲಿ. ಒಂದು ಗುಜರಾತಿನ ದಾಹೋದ್, ಇನ್ನೊಂದು ನಮ್ಮ ಮೈಸೂರು. ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿರಬೇಕೆಂದು ಅನೇಕ ದೇಶಗಳು ಕೇಳುತ್ತವೆ ಎಂಬುದನ್ನೂ ಮರೆಯಬೇಡಿ.

ಎರಡನೆಯದು, ದುಡಿಯಲು ಹೊರಟವರಿಗೆ ಸೇರಿದ ಮಾತು. ಹತ್ತನೆಯ ತರಗತಿ ಮುಗಿಸದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಇಸಿಆರ್ ಎಂಬ ಮೂರು ಅಕ್ಷರ ಇರುತ್ತದೆ. ಇವರು ಸೌದಿ ಅರೇಬಿಯಾ, ಕುವೈತ್, ಕತಾರ್, ಒಮಾನ್, ಬಹರೇನ್, ಸಂಯುಕ್ತ ಅರಬ್ ಸಂಸ್ಥಾನಗಳು, ಮಲೇಷ್ಯಾ ಮೊದಲಾದ ದೇಶಗಳಿಗೆ ಕೆಲಸಕ್ಕೆಂದು ಹೋಗುವಾಗ ವಲಸೆಯ ಅನುಮತಿ ಪಡೆದಿರಬೇಕು. ಇದು ಬರಿಯ ಕಿರುಕುಳವೆಂದು ತಿಳಿಯಬೇಡಿ. ೧೯೮೩ರ ವಲಸೆ ಕಾಯಿದೆಯಲ್ಲಿ ಇದನ್ನು ಇಟ್ಟಿರುವುದು ದುಡಿಯುವವನ ರಕ್ಷಣೆಗಾಗಿ. ಅನುಮತಿ ಪಡೆದು ಹೋದವನ ಕೆಲಸದ ಕರಾರು, ಸಂಬಳ, ಕೆಲಸ ಕೊಡುವವನ ಹೆಸರು ಎಲ್ಲವೂ ಸರ್ಕಾರದ ದಫ್ತರಿನಲ್ಲಿ ದಾಖಲಾಗಿರುತ್ತವೆ. ಪ್ರವಾಸಿ ಭಾರತೀಯ ವಿಮೆಯಲ್ಲಿ ಅಪಘಾತಕ್ಕೆ ೧೦ ಲಕ್ಷ ರೂಪಾಯಿಯ ಭದ್ರತೆಯೂ ದೊರೆಯುತ್ತದೆ. ‘ಈಗ ಭೇಟಿಯ ವೀಸಾದ ಮೇಲೆ ಹೊರಡಿ, ಅಲ್ಲಿ ಹೋದ ಮೇಲೆ ಕೆಲಸದ ವೀಸಾ ಮಾಡಿಸೋಣ’ ಎನ್ನುವ ದಳ್ಳಾಳಿಯ ಮಾತನ್ನು ನಂಬಿ ಹೋದವನಿಗೆ ಇವು ಯಾವುವೂ ಇಲ್ಲ. ಸಂಬಳ ಬರದಿದ್ದರೆ ಕೇಳುವ ಹಕ್ಕಿಲ್ಲ, ಪಾಸ್‌ಪೋರ್ಟು ಕಿತ್ತಿಟ್ಟುಕೊಂಡರೆ ಹೇಳಿಕೊಳ್ಳುವ ಜಾಗವೂ ಸುಲಭಕ್ಕೆ ಸಿಕ್ಕದು. ಅಂತಹವನನ್ನು ದೇವನಹಳ್ಳಿಯ ನಿಲ್ದಾಣದಲ್ಲಿಯೇ ತಡೆದು ಹಿಂದಕ್ಕೆ ಕಳುಹಿಸಿದರೆ ಅದನ್ನು ಅವನ ಅದೃಷ್ಟವೆಂದೇ ಎಣಿಸಬೇಕು. ಸರ್ಕಾರದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ನೋಂದಾಯಿತ ದಳ್ಳಾಳಿಗಳ ಪಟ್ಟಿಯಿದೆ. ಹಣ ಕೊಡುವ ಮೊದಲು ಅದರಲ್ಲಿ ಹೆಸರಿದೆಯೇ ಎಂದು ಮನೆಯ ಓದಿದ ಹುಡುಗರಿಂದ ನೋಡಿಸಿಕೊಳ್ಳಿ.

ಮೂರನೆಯದು ದಿನ ಮತ್ತು ಗಳಿಗೆ. ನಮ್ಮ ಪಂಚಾಂಗದಲ್ಲಿ ದಿನ ಬದಲಾಗುವುದು ಸೂರ್ಯೋದಯಕ್ಕೆ. ಟಿಕೀಟಿನಲ್ಲಿ ದಿನ ಬದಲಾಗುವುದು ನಡುರಾತ್ರಿಗೆ. ಹೊರದೇಶದ ವಿಮಾನಗಳಲ್ಲಿ ಅನೇಕವು ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ ಹೊರಡುವುದರಿಂದ ಈ ವ್ಯತ್ಯಾಸವನ್ನು ಗಮನಿಸದೆ ಮೋಸಹೋಗುವವರಿದ್ದಾರೆ. ‘೧೫ನೆಯ ತಾರೀಖು, ೦೨-೩೦’ ಎಂದು ಟಿಕೀಟಿನಲ್ಲಿದ್ದರೆ ನೀವು ಕೆಸರೆಯ ಮನೆಯನ್ನು ಬಿಡಬೇಕಾದುದು ೧೪ರ ಸಂಜೆ. ೧೫ರ ಸಂಜೆ ಊಟ ಮುಗಿಸಿ ಹೊರಟವರಿಗೆ ದೇವನಹಳ್ಳಿಯಲ್ಲಿ ಸಿಕ್ಕುವುದು ಕಟ್ಟಡ ಮಾತ್ರ. ವಿಮಾನ ಆಗಲೇ ಇಪ್ಪತ್ತು ಗಂಟೆಗಳ ಹಿಂದೆ ಹೋಗಿರುತ್ತದೆ. ಟಿಕೀಟಿನ ಗಡಿಯಾರ ೨೪ ಗಂಟೆಯದು. ೧೪-೩೦ ಎಂದರೆ ಮಧ್ಯಾಹ್ನ ಎರಡೂವರೆ. ತಲುಪುವ ವೇಳೆಯನ್ನು ತಲುಪುವ ಊರಿನ ಗಡಿಯಾರದಂತೆ ಬರೆದಿರುತ್ತಾರೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದಿದೆ. ಲೆಕ್ಕ ತಾಳೆಯಾಗಲಿಲ್ಲವೆಂದು ಚಿಂತಿಸಬೇಡಿ.

ಈಗ ಅದೇ ಎರಡೂವರೆಯ ವಿಮಾನದಿಂದ ಹಿಂದಕ್ಕೆ ಎಣಿಸಿಕೊಂಡು ಬರೋಣ. ಪೆಟ್ಟಿಗೆ ಒಪ್ಪಿಸುವ ಕಟ್ಟೆಯನ್ನು ಸಾಮಾನ್ಯವಾಗಿ ವಿಮಾನ ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಮುಚ್ಚುತ್ತಾರೆ. ಅದು ಒಂದೂವರೆ. ಹೊರದೇಶದ ಪ್ರಯಾಣಕ್ಕೆ ಮೂರು ಗಂಟೆ ಮೊದಲು, ಒಳನಾಡಿನದಕ್ಕೆ ಎರಡು ಗಂಟೆ ಮೊದಲು ನಿಲ್ದಾಣದಲ್ಲಿರುವುದು ಕ್ಷೇಮ. ಆದ್ದರಿಂದ ರಾತ್ರಿ ಹನ್ನೊಂದೂವರೆಗೆ ನೀವು ಅಲ್ಲಿರಬೇಕು. ಕೆಸರೆಯಿಂದ ಅಲ್ಲಿಗೆ ಸುಮಾರು ೧೮೦ ಕಿಲೋಮೀಟರು. ೨೦೨೩ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಹೆದ್ದಾರಿಯಿಂದ ಬೆಂಗಳೂರಿನ ಅಂಚು ಹತ್ತಿರವಾಗಿದೆ, ನಿಜ. ಆದರೆ ಬೆಂಗಳೂರನ್ನು ತಲುಪುವ ಹೊತ್ತು ಬೇರೆ, ಬೆಂಗಳೂರನ್ನು ದಾಟುವ ಹೊತ್ತು ಬೇರೆ. ಸಂಜೆಯ ಜನಸಂಚಾರದಲ್ಲಿ ಊರನ್ನು ಹಾಯ್ದು ಹೆಬ್ಬಾಳವನ್ನು ಕಳೆದು ಬಳ್ಳಾರಿ ರಸ್ತೆಗೆ ಬೀಳುವುದಕ್ಕೆ ಎಷ್ಟು ಹೊತ್ತು ಬೇಕೆಂದು ಮುಂಚಿತವಾಗಿ ಹೇಳುವವರಿಲ್ಲ. ದಾರಿಗೆ ನಾಲ್ಕು ಗಂಟೆ, ಅಡಚಣೆಗೆ ಒಂದೂವರೆ ಗಂಟೆ ಇಟ್ಟುಕೊಂಡು ಸಂಜೆ ಆರಕ್ಕೆ ಹೊರಡಿ. ಮುಂಚೆ ಹೋದರೆ ಕುಳಿತುಕೊಳ್ಳಲು ಕುರ್ಚಿಯಿದೆ, ತಡವಾದರೆ ಅಲ್ಲಿ ಯಾರೂ ಕಾಯುವುದಿಲ್ಲ.

ಹೋಗುವ ದಾರಿ ಮೂರು ಬಗೆ. ಮೈಸೂರಿನಿಂದ ನೇರವಾಗಿ ನಿಲ್ದಾಣಕ್ಕೆ ರಾಜ್ಯ ಸಾರಿಗೆ ನಿಗಮದವರ ಫ್ಲೈಬಸ್ ಎಂಬ ಹವಾನಿಯಂತ್ರಿತ ಬಸ್ಸು ಹೋಗುತ್ತದೆ. ಸಾಮಾನು ಹೊತ್ತು ಬಸ್ಸು ಬದಲಿಸುವ ಕಷ್ಟವಿಲ್ಲದಿರುವುದರಿಂದ ಒಂಟಿಯಾಗಿ ಹೋಗುವ ಹಿರಿಯರಿಗೆ ಇದೇ ಅನುಕೂಲ. ಆಸನವನ್ನು ಮೊದಲೇ ಕಾದಿರಿಸಿಕೊಳ್ಳಿ. ಎರಡನೆಯದು, ಬೆಂಗಳೂರಿನ ಮೆಜೆಸ್ಟಿಕ್‌ವರೆಗೆ ರೈಲಿನಲ್ಲಿ ಹೋಗಿ, ಎದುರಿಗಿರುವ ಕೆಂಪೇಗೌಡ ಬಸ್ಸುನಿಲ್ದಾಣದಿಂದ ವಾಯುವಜ್ರ ಬಸ್ಸು ಹಿಡಿಯುವುದು. ಅಲ್ಲಿಂದ ಹೊರಡುವ ಬಸ್ಸಿನ ಸಂಖ್ಯೆ ಕೆಐಎ ೯. ಇದರಲ್ಲಿ ಖರ್ಚು ಕಡಿಮೆ, ಹೊರೆ ಹೊರುವುದು ಹೆಚ್ಚು. ಮೂರನೆಯದು ಬಾಡಿಗೆಯ ಕಾರು. ನಾಲ್ಕು ಮಂದಿ ಸೇರಿದರೆ ಇದೂ ಕೈಗೆಟಕುತ್ತದೆ. ಆದರೆ ಬೀಳ್ಕೊಡಲು ಹತ್ತು ಮಂದಿ ಬಂದರೂ ಒಳಗೆ ಬಿಡುವುದು ಪ್ರಯಾಣ ಹೊರಟವರನ್ನು ಮಾತ್ರವೆಂಬುದು ನೆನಪಿರಲಿ.

ಪೆಟ್ಟಿಗೆ ಕಟ್ಟುವುದರಲ್ಲಿಯೂ ಒಂದು ವಿವೇಕವಿದೆ. ನೀವು ಒಪ್ಪಿಸುವ ದೊಡ್ಡ ಪೆಟ್ಟಿಗೆ ಬೇರೆ, ಕೈಯಲ್ಲಿಟ್ಟುಕೊಳ್ಳುವ ಚೀಲ ಬೇರೆ. ಕೈಚೀಲ ಒಂದೇ, ಅದರ ತೂಕ ಸಾಮಾನ್ಯವಾಗಿ ೭ ಕಿಲೋಗ್ರಾಮ್ ಮೀರಬಾರದು. ದೊಡ್ಡ ಪೆಟ್ಟಿಗೆಯ ತೂಕ ಎಷ್ಟೆಂಬುದು ಟಿಕೀಟಿನಲ್ಲಿಯೇ ಇರುತ್ತದೆ. ಮನೆಯಲ್ಲಿಯೇ ತೂಗಿಕೊಂಡು ಹೊರಟರೆ ಅಲ್ಲಿ ಎಲ್ಲರ ಮುಂದೆ ಪೆಟ್ಟಿಗೆ ಬಿಚ್ಚಿ ಚಕ್ಕುಲಿ ಡಬ್ಬಿಯನ್ನು ಹೊರತೆಗೆಯುವ ಮುಜುಗರ ತಪ್ಪುತ್ತದೆ. ಕತ್ತರಿ, ಚಾಕು, ಅಡಕತ್ತರಿಗಳು ದೊಡ್ಡ ಪೆಟ್ಟಿಗೆಗೆ ಸೇರಬೇಕು. ಬೆಂಕಿಪೊಟ್ಟಣವನ್ನು ಎಲ್ಲಿಯೂ ಇಡಕೂಡದು. ಮೊಬೈಲಿಗೆ ವಿದ್ಯುತ್ತು ತುಂಬುವ ಪವರ್ ಬ್ಯಾಂಕು ಕೈಚೀಲದಲ್ಲಿ ಮಾತ್ರ ಇರಬೇಕು. ಅದು ಹೊತ್ತಿಕೊಂಡರೆ ಕಣ್ಣಿಗೆ ಬೀಳುವ ಜಾಗದಲ್ಲಿರಲಿ ಎಂಬುದು ಇದರ ಉದ್ದೇಶ. ಕೈಚೀಲದೊಳಗಿನ ತುಪ್ಪ, ಎಣ್ಣೆ, ಉಪ್ಪಿನಕಾಯಿ ಮುಂತಾದುವನ್ನು ತಪಾಸಣೆಯಲ್ಲಿ ತೆಗೆದಿಡುತ್ತಾರೆ. ಹೊರದೇಶಕ್ಕೆ ಹೋಗುವವರು ಅದರಲ್ಲಿ ೧೦೦ ಮಿಲಿಲೀಟರಿಗಿಂತ ದೊಡ್ಡ ಪಾತ್ರೆಯಲ್ಲಿ ಯಾವ ದ್ರವವನ್ನೂ ಒಯ್ಯುವಂತಿಲ್ಲ. ಇಡೀ ಒಣಕೊಬ್ಬರಿಗೂ ನಿಷೇಧವಿದೆ ಎಂದರೆ ನಿಮಗೆ ಆಶ್ಚರ್ಯವಾದೀತು. ಅದರಲ್ಲಿ ಎಣ್ಣೆಯ ಅಂಶ ಹೆಚ್ಚಾಗಿರುವುದರಿಂದ ಬೇಗ ಬೆಂಕಿ ಹತ್ತುತ್ತದೆ.

ಇವೆಲ್ಲಕ್ಕಿಂತ ಗಂಭೀರವಾದ ಒಂದು ಮಾತನ್ನು ಮನೆಯ ಹೆಂಗಸರೂ ಗಂಡಸರೂ ಗಮನಿಸಬೇಕು. ನಮ್ಮ ಹಬ್ಬದಡುಗೆಯ ಗಸಗಸೆ ಅಫೀಮಿನ ಗಿಡದ ಬೀಜ. ಇಲ್ಲಿ ಅದು ಪಾಯಸದ ಸಾಮಗ್ರಿ, ಆದರೆ ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿಯೂ ಸೌದಿ ಅರೇಬಿಯಾದಲ್ಲಿಯೂ ನಿಷಿದ್ಧ ವಸ್ತು. ಮಗನಿಗೆ ಪ್ರಿಯವೆಂದು ಕಟ್ಟಿಕೊಟ್ಟ ಒಂದು ಹಿಡಿ ಗಸಗಸೆಯು ಒಯ್ದವರನ್ನು ಸೆರೆಮನೆಯ ಬಾಗಿಲಿಗೆ ಕೊಂಡೊಯ್ಯಬಲ್ಲದು. ಗಸಗಸೆ ಹಾಕಿ ಕುಟ್ಟಿದ ಸಾಂಬಾರ ಪುಡಿಯನ್ನೂ ಆ ದೇಶಗಳಿಗೆ ಒಯ್ಯಬೇಡಿ. ಅಮೆರಿಕ, ಆಸ್ಟ್ರೇಲಿಯಾಗಳಿಗೆ ಹೋಗುವವರು ಹಣ್ಣು, ಬೀಜ, ತಿಂಡಿ ಏನಿದ್ದರೂ ಅಲ್ಲಿ ಮುಚ್ಚುಮರೆಯಿಲ್ಲದೆ ತಿಳಿಸಬೇಕು. ತಿಳಿಸಿದರೆ ಹೆಚ್ಚೆಂದರೆ ವಸ್ತುವನ್ನು ತೆಗೆದಿಟ್ಟುಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡ ಹಾಕುತ್ತಾರೆ. ದಿನವೂ ನುಂಗುವ ಔಷಧವನ್ನು ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿಡಿ. ಕೊನೆಯದಾಗಿ, ‘ನಮ್ಮ ಹುಡುಗನಿಗೆ ಇದೊಂದು ಪೊಟ್ಟಣ ಮುಟ್ಟಿಸಿಬಿಡಿ’ ಎಂದು ಯಾರಾದರೂ ತಂದರೆ ಅವರ ಎದುರಿನಲ್ಲಿಯೇ ಬಿಚ್ಚಿ ನೋಡಿ, ನೀವೇ ಕಟ್ಟಿಕೊಳ್ಳಿ. ಬಿಚ್ಚಬೇಡಿ ಎಂದರೆ ಒಯ್ಯಬೇಡಿ. ನೆರೆಹೊರೆಯ ದಾಕ್ಷಿಣ್ಯ ಪರದೇಶದ ನ್ಯಾಯಾಲಯದಲ್ಲಿ ನಡೆಯುವುದಿಲ್ಲ.

ಇಷ್ಟು ಸಿದ್ಧತೆಯೊಡನೆ ನೀವು ಎರಡನೆಯ ಟರ್ಮಿನಲ್ಲಿನ ಮುಂದೆ ಇಳಿದಿರೆಂದು ಇಟ್ಟುಕೊಳ್ಳೋಣ. ಡಿಪಾರ್ಚರ್ಸ್ ಎಂದರೆ ಹೊರಡುವವರ ಕಡೆ, ಅರೈವಲ್ಸ್ ಎಂದರೆ ಬಂದಿಳಿಯುವವರ ಕಡೆ. ಹಲಗೆಗಳಲ್ಲಿ ಕನ್ನಡವೂ ಇದೆ.

ಮೊದಲನೆಯ ಬಾಗಿಲು ಕಟ್ಟಡದ ಹೆಬ್ಬಾಗಿಲು. ಇಲ್ಲಿ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ ಯೋಧರು ನಿಂತಿರುತ್ತಾರೆ. ಅವರ ಪ್ರಶ್ನೆ, ‘ನೀವು ಇಂದು ಪ್ರಯಾಣ ಮಾಡುವವರೇ?’ ಎಂಬುದು. ಉತ್ತರ ಟಿಕೀಟು ಮತ್ತು ಪಾಸ್‌ಪೋರ್ಟು. ಒಳನಾಡಿನ ಪ್ರಯಾಣಕ್ಕಾದರೆ ಆಧಾರ್ ಮುಂತಾದ ಗುರುತಿನ ಚೀಟಿ ಸಾಕು. ಮುಖವನ್ನು ನೋಡಿಯೇ ಒಳಗೆ ಬಿಡುವ ಡಿಜಿಯಾತ್ರಾ ಎಂಬ ಏರ್ಪಾಡೊಂದು ಇಲ್ಲಿ ೨೦೨೨ರ ಡಿಸೆಂಬರಿನಲ್ಲಿ ಒಳನಾಡಿನ ಪ್ರಯಾಣಿಕರಿಗಾಗಿ ಆರಂಭವಾಯಿತು. ಅದು ಕಡ್ಡಾಯವಲ್ಲ. ಬೀಳ್ಕೊಡಲು ಬಂದವರು ಇಲ್ಲಿಯೇ ನಿಲ್ಲುತ್ತಾರಾದ್ದರಿಂದ ಕಾಗದಪತ್ರಗಳು ಮಗನ ಜೇಬಿನಲ್ಲಿ ಉಳಿಯದೆ ಹೊರಟವರ ಕೈಯಲ್ಲಿಯೇ ಇವೆಯೇ ಎಂದು ನೋಡಿಕೊಂಡು ಕಣ್ಣೀರು ಒರೆಸಿಕೊಳ್ಳಿ.

ಎರಡನೆಯ ಬಾಗಿಲು ವಿಮಾನ ಕಂಪನಿಯ ಕಟ್ಟೆ. ಇಲ್ಲಿಯ ಪ್ರಶ್ನೆ, ‘ನಿಮ್ಮ ಹೊರೆ ಎಷ್ಟು?’ ಎಂಬುದು. ಪೆಟ್ಟಿಗೆಯನ್ನು ತೂಗಿ ಒಳಕ್ಕೆ ಕಳುಹಿಸಿ, ನಿಮಗೆ ಬೋರ್ಡಿಂಗ್ ಪಾಸ್ ಎಂಬ ಚೀಟಿಯನ್ನೂ ಪೆಟ್ಟಿಗೆಯ ರಸೀತಿಯನ್ನೂ ಕೊಡುತ್ತಾರೆ. ಚೀಟಿಯಲ್ಲಿ ನಾಲ್ಕು ಸಂಗತಿಗಳನ್ನು ಅಲ್ಲಿಯೇ ನಿಂತು ಓದಿಕೊಳ್ಳಿ: ನಿಮ್ಮ ಹೆಸರು, ಗೇಟಿನ ಸಂಖ್ಯೆ, ಆಸನದ ಸಂಖ್ಯೆ, ವಿಮಾನ ಹತ್ತಬೇಕಾದ ವೇಳೆ. ನಡುವೆ ಬೇರೊಂದು ಊರಿನಲ್ಲಿ ವಿಮಾನ ಬದಲಿಸುವುದಿದ್ದರೆ ‘ಪೆಟ್ಟಿಗೆ ನನಗೆ ಸಿಕ್ಕುವುದು ಯಾವ ಊರಿನಲ್ಲಿ?’ ಎಂದು ತಪ್ಪದೆ ಕೇಳಿ. ಮಂಡಿನೋವಿನವರು, ಹೆಚ್ಚು ದೂರ ನಡೆಯಲಾರದವರು ಗಾಲಿಕುರ್ಚಿಯ ಸಹಾಯವನ್ನು ಟಿಕೀಟು ಕೊಳ್ಳುವಾಗಲೇ ಕೋರಿರಬೇಕು. ಕುರ್ಚಿ ತಳ್ಳುವವರು ನಿಮ್ಮನ್ನು ಒಂದೊಂದೇ ಬಾಗಿಲು ದಾಟಿಸಿ ವಿಮಾನದವರೆಗೆ ಬಿಡುತ್ತಾರೆ. ಇದರಲ್ಲಿ ಸಂಕೋಚಕ್ಕೆ ಎಡೆಯಿಲ್ಲ.

ಮೂರನೆಯ ಬಾಗಿಲು ವಲಸೆಯ ತಪಾಸಣೆ, ಹೊರದೇಶಕ್ಕೆ ಹೋಗುವವರಿಗೆ ಮಾತ್ರ. ‘ಎಲ್ಲಿಗೆ, ಏತಕ್ಕೆ, ಎಷ್ಟು ದಿನ?’ ಎಂದು ಅಧಿಕಾರಿ ಕೇಳುತ್ತಾನೆ. ನಿಜವಾದ ಉತ್ತರವೇ ಚಿಕ್ಕ ಉತ್ತರ. ‘ಮಗಳ ಮನೆಗೆ, ಬಾಣಂತನಕ್ಕೆ, ಮೂರು ತಿಂಗಳು’ ಎಂದರೆ ಸಾಕು, ಮನೆಯ ಕಥೆಯೆಲ್ಲ ಬೇಡ. ಮಗಳ ವಿಳಾಸ, ದೂರವಾಣಿ ಸಂಖ್ಯೆಗಳನ್ನು ಮೊಬೈಲಿನಲ್ಲಿ ಮಾತ್ರವಲ್ಲದೆ ಒಂದು ಕಾಗದದ ಮೇಲೂ ಬರೆದಿಟ್ಟುಕೊಳ್ಳಿ. ಇಳಿದ ಮೇಲೆ ಆ ದೇಶದ ಅಧಿಕಾರಿಯೂ ಇದೇ ಪ್ರಶ್ನೆಯನ್ನು ಕೇಳುತ್ತಾನೆ. ಆಗ ಮೊಬೈಲಿನಲ್ಲಿ ವಿದ್ಯುತ್ತು ಇಲ್ಲದಿದ್ದರೂ ಕಾಗದ ಮಾತನಾಡುತ್ತದೆ.

ನಾಲ್ಕನೆಯ ಬಾಗಿಲು ಭದ್ರತಾ ತಪಾಸಣೆ. ‘ಅಪಾಯದ ವಸ್ತು ಏನಾದರೂ ಇದೆಯೇ?’ ಎಂಬ ಪ್ರಶ್ನೆಯನ್ನು ಇಲ್ಲಿ ಯಂತ್ರ ಕೇಳುತ್ತದೆ. ಕೈಚೀಲ, ಮೊಬೈಲು, ಕೈಗಡಿಯಾರಗಳನ್ನು ತಟ್ಟೆಯಲ್ಲಿಟ್ಟು ಯಂತ್ರದೊಳಕ್ಕೆ ಕಳುಹಿಸಿ. ಹೆಂಗಸರನ್ನು ಪರದೆಯ ಮರೆಯಲ್ಲಿ ಹೆಂಗಸರೇ ತಪಾಸಣೆ ಮಾಡುತ್ತಾರೆ. ಆಚೆ ಬದಿಯಲ್ಲಿ ನಿಮ್ಮ ವಸ್ತುಗಳನ್ನು ಒಂದೊಂದಾಗಿ ಎಣಿಸಿ ತೆಗೆದುಕೊಳ್ಳಿ. ಅವಸರದಲ್ಲಿ ಪಾಸ್‌ಪೋರ್ಟನ್ನು ತಟ್ಟೆಯಲ್ಲಿ ಬಿಟ್ಟು ಹೋಗುವುದಕ್ಕೆ ಒಂದು ಕ್ಷಣ ಸಾಕು.

ಐದನೆಯ ಬಾಗಿಲು ವಿಮಾನದ ಗೇಟು. ಬಾನುಲಿ ಕೇಳುವ ನಾವು ಕಿವಿಯನ್ನು ನಂಬಿ ಬೆಳೆದವರು. ರೈಲುನಿಲ್ದಾಣದಲ್ಲಿಯೂ ಧ್ವನಿವರ್ಧಕ ಕರೆದು ಹೇಳುತ್ತದೆ. ಈಗ ದೊಡ್ಡ ವಿಮಾನನಿಲ್ದಾಣಗಳಲ್ಲಿ ಗದ್ದಲ ಕಡಿಮೆ ಮಾಡುವುದಕ್ಕಾಗಿ ಪ್ರತಿಯೊಂದು ವಿಮಾನಕ್ಕೂ ಕೂಗಿ ಕರೆಯುವ ಪದ್ಧತಿಯನ್ನು ಬಿಡುತ್ತಿದ್ದಾರೆ. ಹೆಸರು ಕೂಗುತ್ತಾರೆಂದು ಕುಳಿತಿರಬೇಡಿ. ಇಲ್ಲಿ ಕಿವಿಯ ಕೆಲಸವನ್ನು ಕಣ್ಣು ಮಾಡಬೇಕು. ಬೆಳಗುವ ಹಲಗೆಯ ಮೇಲೆ ನಿಮ್ಮ ವಿಮಾನದ ಸಂಖ್ಯೆಯನ್ನು ಹುಡುಕಿ ಗೇಟು ಬದಲಾಗಿದೆಯೇ ಎಂದು ಕಾಲು ಗಂಟೆಗೊಮ್ಮೆ ನೋಡುತ್ತಿರಿ. ಓದಲು ಬಾರದವರು ಗೇಟಿನ ಎದುರಿಗೇ ಕುಳಿತು, ಪಕ್ಕದವರಿಗೆ ಚೀಟಿ ತೋರಿಸಿ ‘ಹತ್ತುವಾಗ ನನಗೂ ಹೇಳಿ’ ಎಂದು ಕೇಳಿಕೊಳ್ಳಲಿ. ವಿಮಾನ ಹೊರಡುವುದಕ್ಕೆ ಇಪ್ಪತ್ತು ಇಪ್ಪತ್ತೈದು ನಿಮಿಷ ಮೊದಲೇ ಗೇಟು ಮುಚ್ಚುತ್ತದೆ.

ನಾಲ್ಕನೆಯ ಬಾಗಿಲಿಗೂ ಐದನೆಯದಕ್ಕೂ ನಡುವೆ ನಿಮಗೆ ಬಿಡುವು ಸಿಕ್ಕುತ್ತದೆ. ಈ ಟರ್ಮಿನಲ್ಲನ್ನು ತೋಟದೊಳಗಿನ ಕಟ್ಟಡವೆಂಬ ಕಲ್ಪನೆಯಲ್ಲಿ ಕಟ್ಟಿದ್ದಾರೆ. ಚಾವಣಿಗೆ ಬಿದಿರಿನ ಹೊದಿಕೆ, ಮೇಲಿನಿಂದ ತೂಗುಬಿಟ್ಟ ಗಿಡಬಳ್ಳಿಗಳು, ಅಲ್ಲಲ್ಲಿ ಹರಿಯುವ ನೀರು. ಇದರ ಒಳಾಂಗಣಕ್ಕೆ ೨೦೨೩ರಲ್ಲಿ ಪ್ರಿ ವರ್ಸಾಯ್ ಎಂಬ ಅಂತರರಾಷ್ಟ್ರೀಯ ವಾಸ್ತು ಪ್ರಶಸ್ತಿಯಲ್ಲಿ ವಿಶೇಷ ಬಹುಮಾನ ಬಂದಿದೆ. ಇದನ್ನೆಲ್ಲ ಕಣ್ತುಂಬ ನೋಡಿ, ಆದರೆ ನಾಲ್ಕನೆಯ ಬಾಗಿಲು ದಾಟಿದ ಮೇಲೆ ನೋಡಿ.

ನಡುವೆ ದೋಹಾ, ಅಬುಧಾಬಿ ಮುಂತಾದ ಕಡೆ ವಿಮಾನ ಬದಲಿಸುವವರು ಇಳಿದೊಡನೆ ಜನರ ಹಿಂದೆ ಹೊರಬಾಗಿಲಿನತ್ತ ನಡೆಯಬಾರದು. ಟ್ರಾನ್ಸ್‌ಫರ್ ಎಂಬ ಹಲಗೆಯನ್ನು ಅನುಸರಿಸಬೇಕು. ಅಲ್ಲಿಯೂ ಇರುವುದು ಇದೇ ನಾಲ್ಕನೆಯ ಮತ್ತು ಐದನೆಯ ಬಾಗಿಲು. ಹಿಂದಿರುಗಿ ಬರುವಾಗ ಬಾಗಿಲು ಮೂರೇ: ವಲಸೆಯ ತಪಾಸಣೆ, ಪೆಟ್ಟಿಗೆಗಳು ಸುತ್ತಿ ಬರುವ ಪಟ್ಟಿ, ಸುಂಕದ ಕಟ್ಟೆ. ಸುಂಕ ಕೊಡಬೇಕಾದ ವಸ್ತುವಿಲ್ಲದವರಿಗೆ ಹಸಿರು ದಾರಿ, ಇರುವವರಿಗೆ ಕೆಂಪು ದಾರಿ. ಚಿನ್ನ ತರುವವರು ಮಿತಿ ಎಷ್ಟೆಂದು ಹೊರಡುವ ಮೊದಲೇ ತಿಳಿದುಕೊಂಡು ಬರಲಿ, ಸಂಶಯವಿದ್ದರೆ ಕೆಂಪು ದಾರಿಯನ್ನೇ ಹಿಡಿಯಲಿ. ಪೆಟ್ಟಿಗೆ ಬರದಿದ್ದರೆ ಹೊರಗೆ ಹೋಗುವ ಮೊದಲೇ ರಸೀತಿ ತೋರಿಸಿ ದೂರು ಬರೆಸಬೇಕು. ಹೊರಗೆ ಬಂದರೆ ಮೈಸೂರಿನ ಬಸ್ಸು ನಿಮಗಾಗಿ ನಿಂತಿರುತ್ತದೆ.

ಮನೆಯಿಂದ ಯಾರಾದರೂ ಹೊರಡುವ ದಿನ ಹತ್ತಿರವಾದಾಗ ಒಂದು ಸಂಜೆ ಎಲ್ಲರೂ ಒಟ್ಟಿಗೆ ಕುಳಿತು ಈ ಐದು ಬಾಗಿಲುಗಳನ್ನು ಬಾಯಿಪಾಠ ಮಾಡಿಸಿ: ಹೆಬ್ಬಾಗಿಲು, ಹೊರೆಯ ಕಟ್ಟೆ, ವಲಸೆ, ಭದ್ರತೆ, ಗೇಟು. ಬೆರಳಿಗೊಂದು ಬಾಗಿಲಿನಂತೆ ಒಂದು ಕೈಯಲ್ಲಿ ಎಣಿಸುವಷ್ಟೇ ಅದು. ಯಾವ ಬಾಗಿಲಿನಲ್ಲಿ ನಿಂತಿದ್ದೇನೆ, ಮುಂದೆ ಯಾವುದು ಎಂಬುದು ತಿಳಿದಿದ್ದರೆ, ಇಂಗ್ಲಿಷು ಬಾರದಿದ್ದರೂ ಕನ್ನಡದಲ್ಲಿಯೇ ಕೇಳಿಕೊಂಡು ಹೋಗಬಹುದು. ನಿಲ್ದಾಣವಿರುವುದು ಕನ್ನಡ ನಾಡಿನಲ್ಲಿ, ಹೆಸರು ಕೆಂಪೇಗೌಡರದು. ಅಲ್ಲಿ ಕನ್ನಡದಲ್ಲಿ ದಾರಿ ಕೇಳುವುದಕ್ಕೆ ನೀವು ನಾಚಬೇಕಾದ ಕಾರಣವಿಲ್ಲ.